"ವಯಸ್ಸಾಯ್ತಲ್ಲ" ಅನ್ನೋ ಮಾತಿನ ಚರಿತ್ರೆ

ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ಇಂಗ್ಲೆಂಡಿನ ಒಂದು ಬೀದಿ ಅಂದ್ಕೊಳ್ಳಿ. ಅಕ್ಕಪಕ್ಕ ಎರಡು ಮನೆ. ಒಬ್ಬರಿಗೆ 64ನೇ ವಯಸ್ಸಿನಲ್ಲಿ ಲಕ್ವ ಹೊಡೆದು ನಡೆಯೋಕೆ ಆಗದೆ ಹೋಯ್ತು. ಪಕ್ಕದ ಮನೆಯವರಿಗೆ ಅದೇ ಲಕ್ವ 67ರಲ್ಲಿ ಹೊಡೀತು. ಕಾಲಿನ ಸ್ಥಿತಿ ಒಂದೇ, ಮನೆಯ ಮೆಟ್ಟಿಲೂ ಒಂದೇ. ಮೊದಲನೆಯವರಿಗೆ ಪಿಐಪಿ ಅನ್ನೋ ಭತ್ಯೆ ಸಿಗುತ್ತೆ. ಅದರಲ್ಲಿ ಆರೈಕೆಗೆ ಒಂದು ಭಾಗ, ಓಡಾಟಕ್ಕೆ ಇನ್ನೊಂದು ಭಾಗ. 2025-26ರ ಲೆಕ್ಕದಲ್ಲಿ ಓಡಾಟದ ಭಾಗವೇ ವಾರಕ್ಕೆ 77.05 ಪೌಂಡ್‌ವರೆಗೆ. ಆ ದುಡ್ಡಿಗೆ ಬದಲಾಗಿ ಮೋಟಬಿಲಿಟಿ ಅನ್ನೋ ಯೋಜನೆಯಲ್ಲಿ ಕಾರನ್ನೇ ತಗೋಬಹುದು. ಪಿಂಚಣಿ ವಯಸ್ಸು ದಾಟಿದ ಮೇಲೂ, ಅರ್ಹತೆ ಇರೋವರೆಗೆ ಅದು ಮುಂದುವರಿಯುತ್ತೆ. ಎರಡನೆಯವರಿಗೆ ಅಟೆಂಡೆನ್ಸ್ ಅಲವೆನ್ಸ್ ಮಾತ್ರ. 2025-26ರಲ್ಲಿ ವಾರಕ್ಕೆ 73.90 ಅಥವಾ 110.40 ಪೌಂಡ್ ಇತ್ತು, ಅದೂ ಆರೈಕೆಗೆ. ಓಡಾಟಕ್ಕೆ ಒಂದು ಪೆನ್ನಿಯೂ ಇಲ್ಲ.

ಯಾಕೆ? 2025-26ರಲ್ಲಿ ಅಲ್ಲಿ ಸರ್ಕಾರಿ ಪಿಂಚಣಿ ಶುರುವಾಗೋ ವಯಸ್ಸು 66 ಇತ್ತು. ಅದಕ್ಕೆ ಮುಂಚೆ ಕಾಲು ಹೋದ್ರೆ ನೀವು ಅಂಗವಿಕಲರು. ಅದಾದ ಮೇಲೆ ಹೋದ್ರೆ ನಿಮಗೆ ವಯಸ್ಸಾಗಿದೆ ಅಷ್ಟೆ.

ದಲಿತ ಚಳವಳಿಯವನಿಗೆ ಇಂಗ್ಲೆಂಡಿನ ಮುದುಕರ ಭತ್ಯೆ ಯಾಕೆ ಬೇಕಿತ್ತು ಅಂತ ಕೇಳ್ತೀರಿ. ನಾನು ಕೋಲಾರದ ಕಡೆಯವನು. ಕೇರಿಯ ಹಿರಿಯರಿಗೆ ಪಿಂಚಣಿ ಅರ್ಜಿ ಬರೆದುಕೊಡೋದು, ಕಚೇರಿಗೆ ಜೊತೆಯಲ್ಲಿ ಹೋಗೋದು ನನ್ನ ಎಷ್ಟೋ ವರ್ಷದ ಕೆಲಸ. ಕಣ್ಣು ಕಾಣದ ಅಜ್ಜಿಯನ್ನ ಕೈಹಿಡಿದು ಕರ್ಕೊಂಡು ಹೋದಾಗ ಕೌಂಟರಿನ ಆಚೆಯಿಂದ ಬರೋ ಮೊದಲ ಮಾತು, "ವಯಸ್ಸಾಯ್ತಲ್ಲಮ್ಮ, ಇನ್ನೇನಾಗುತ್ತೆ". ಈ ಮಾತಿನ ವಾಸನೆ ನಮಗೆ ಗೊತ್ತು. "ಅವರ ಹುಟ್ಟೇ ಹಾಗೆ" ಅನ್ನೋ ಮಾತಿನ ದಾಯಾದಿ ಇದು. ಮನುಷ್ಯ ಎಳೆದ ಗೆರೆಯನ್ನ ಪ್ರಕೃತಿ ಎಳೀತು ಅಂತ ಹೇಳೋದು ಎರಡರದ್ದೂ ಕಸುಬು. ಹಾಗಾಗಿ ಈ ಗೆರೆಯ ಚರಿತ್ರೆ ಹುಡುಕಿಕೊಂಡು ಹೋದೆ. ಅದು ತೀರಾ ಚೆನ್ನಾಗಿ ದಾಖಲಾಗಿರೋದು ಬ್ರಿಟನ್ನಿನಲ್ಲಿ.

*

1601ರಿಂದ ಶುರು ಮಾಡೋಣ. ರಾಣಿ ಎಲಿಜಬೆತ್ ಕಾಲದ ಬಡವರ ಕಾನೂನು. ಪ್ರತಿ ಪ್ಯಾರಿಷ್, ಅಂದ್ರೆ ಒಂದು ಚರ್ಚಿನ ವ್ಯಾಪ್ತಿಯ ಊರು, ತನ್ನ ಬಡವರನ್ನ ತಾನೇ ನೋಡ್ಕೋಬೇಕು. ಮನೆ ಆಸ್ತಿ ಇದ್ದವರ ಮೇಲೆ ತೆರಿಗೆ ಹಾಕಿ, ಕುಂಟರು, ಕುರುಡರು, ಮುದುಕರು ಅಂತ ಕೆಲಸ ಮಾಡಲಾರದವರಿಗೆ ಕೊಡಬೇಕು. ಕೈಕಾಲು ಗಟ್ಟಿ ಇದ್ದವರಿಗೆ ಕೆಲಸ ಹಚ್ಚಬೇಕು. ಗಮನಿಸಿ, ಇಲ್ಲಿ ಮುದುಕ ಮತ್ತು ಅಂಗವಿಕಲ ಒಂದೇ ಸಾಲಿನಲ್ಲಿದ್ದಾರೆ. ಇಬ್ಬರ ನಡುವೆ ಗೆರೆ ಇಲ್ಲ. ಗೆರೆ ಇರೋದು ದುಡಿಯಬಲ್ಲವನಿಗೂ ದುಡಿಯಲಾರದವನಿಗೂ ನಡುವೆ.

1834ರಲ್ಲಿ ಹೊಸ ಕಾನೂನು ಬಂತು. ಬಡವರಿಗೆ ಕೊಟ್ಟು ಕೊಟ್ಟು ಸೋಮಾರಿಗಳನ್ನ ಸಾಕ್ತಿದ್ದೀವಿ ಅನ್ನೋದು ಆಗಿನ ದೊಡ್ಡವರ ಗೊಣಗಾಟ. ಇವತ್ತಿನ ವಾಟ್ಸಪ್ಪಿನಲ್ಲೂ ಇದೇ ಮಾತು ಓಡಾಡ್ತಿದೆ, ಹೊಸದೇನಲ್ಲ. ನೆರವು ಬೇಕಾದವರು ವರ್ಕ್‌ಹೌಸ್ ಅನ್ನೋ ಕಟ್ಟಡದೊಳಗೆ ಬಂದು ಇರಬೇಕು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು ಅನ್ನೋದು ಅದರ ತತ್ವ. ಅಂದ್ರೆ ಅವಮಾನವೇ ಅಲ್ಲಿನ ಶುಲ್ಕ. ಗಂಡನಿಗೆ ಒಂದು ವಾರ್ಡು, ಹೆಂಡತಿಗೆ ಇನ್ನೊಂದು. 60 ದಾಟಿದ ಗಂಡ ಹೆಂಡತಿ ಬೇಕಾದ್ರೆ ಒಟ್ಟಿಗೆ ಒಂದು ಕೋಣೆ ಕೇಳಬಹುದು ಅಂತ ಕಾನೂನು ಬರೋಕೆ 1847 ಬರಬೇಕಾಯ್ತು. ಜೀವಮಾನವೆಲ್ಲ ದುಡಿದ ಮುದುಕರು ಅಲ್ಲಿ ಸಾಯೋದನ್ನ ನೆನೆಸಿಕೊಂಡೇ ಹೆದರ್ತಿದ್ದರು.

ಆ ಬ್ರಿಟಿಷರೇ ಇಲ್ಲಿ ಏನು ಮಾಡಿದ್ರು? 1876-78ರ ಬರದಲ್ಲಿ, ನಮ್ಮ ಹಿರಿಯರ ಲೆಕ್ಕದಲ್ಲಿ ಧಾತು, ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆ ಅವರ ಆಡಳಿತದಲ್ಲೇ ಇತ್ತು. ಲಕ್ಷಾಂತರ ಜನ ಸತ್ತರು. ಆಮೇಲೆ ಕೂತ 1880ರ ಬರಗಾಲದ ಆಯೋಗ ಒಂದು ಮಾತು ಬರೆದಿಟ್ಟಿತು. ಅದರ ತಾತ್ಪರ್ಯ ಇಷ್ಟು: ಬರದಲ್ಲಿ ನೆರವು ಬಡವರ ಹಕ್ಕು ಅಂತ ಒಪ್ಪಿಕೊಂಡರೆ, ನಾಳೆ ಬರ ಇಲ್ಲದಾಗಲೂ ಅದು ನಮ್ಮ ಹಕ್ಕು ಅಂತಾರೆ, ಅದು ಅಪಾಯ. ಅವರ ಊರಲ್ಲಿ ನೆರವಿಗೆ ಅವಮಾನದ ಬೆಲೆ ಇಟ್ಟಿದ್ರು. ನಮ್ಮೂರಲ್ಲಿ ಅಷ್ಟನ್ನೂ ಕೊಡೋಕೆ ಹೆದರಿದ್ರು. ಎರಡೂ ಕಡೆ ಅವರಿಗೆ ಭಯ ಇದ್ದದ್ದು ಒಂದೇ ಪದದ ಮೇಲೆ: ಹಕ್ಕು.

*

ಆ ಪದ ಮೊದಲು ಕಾನೂನಿನೊಳಗೆ ಕಾಲಿಟ್ಟಿದ್ದು 1908ರಲ್ಲಿ. ವೃದ್ಧಾಪ್ಯ ಪಿಂಚಣಿ ಕಾಯಿದೆ. 1909ರ ಜನವರಿ 1ರಿಂದ, 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲಿಂಗ್, ಅಂಚೆ ಕಚೇರಿಯಲ್ಲಿ. ವಂತಿಗೆ ಕಟ್ಟಿರಬೇಕಾಗಿಲ್ಲ, ವರ್ಕ್‌ಹೌಸಿಗೆ ಹೋಗಬೇಕಾಗಿಲ್ಲ. ದೊಡ್ಡ ಹೆಜ್ಜೆ, ಇಲ್ಲ ಅನ್ನಲ್ಲ.

ಆದ್ರೆ ಷರತ್ತುಗಳನ್ನ ನೋಡಿ. ಸ್ವಲ್ಪ ದಿನದ ಹಿಂದೆ ಬಡವರ ಕಾನೂನಿನ ನೆರವು ಪಡೆದಿದ್ರೆ ಶುರುವಿನ ವರ್ಷಗಳಲ್ಲಿ ಪಿಂಚಣಿ ಇಲ್ಲ. ಅಂದ್ರೆ ತೀರಾ ಬಡವನಾಗಿದ್ದೇ ತಪ್ಪು. ತಾಕತ್ತಿದ್ದೂ ಕೆಲಸ ಮಾಡದೆ ಕಾಲ ಕಳೆದವನು ಅಂತ ಕಂಡುಬಂದ್ರೆ ಇಲ್ಲ. ಜೈಲಿಗೆ ಹೋಗಿ ಬಂದಿದ್ರೆ ಹತ್ತು ವರ್ಷ ಇಲ್ಲ. 20 ವರ್ಷದಿಂದ ಬ್ರಿಟಿಷ್ ಪ್ರಜೆ ಆಗಿರದಿದ್ರೆ ಇಲ್ಲ. ಹಸಿವಿಗೂ ನಡತೆಯ ಸರ್ಟಿಫಿಕೇಟು ಬೇಕಿತ್ತು.

ಅದೇ ಹೊತ್ತಿಗೆ ನಮ್ಮ ಕೆಜಿಎಫ್‌ನಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನ ತೆಗೀತಿತ್ತು. ಭೂಮಿಯೊಳಗೆ ಇಳಿದು ಕಲ್ಲಿನ ಧೂಳು ಕುಡಿದವರಲ್ಲಿ ಬಹುಪಾಲು ನಮ್ಮ ಜನ. ಲಾಭ ಹಡಗು ಹತ್ತಿ ಲಂಡನ್ನಿಗೆ ಹೋಯ್ತು. ವೃದ್ಧಾಪ್ಯ ಪಿಂಚಣಿ ಕಾಯಿದೆ ಮಾತ್ರ ಹಡಗು ಹತ್ತಿ ಈ ಕಡೆ ಬರಲಿಲ್ಲ.

1911ರಲ್ಲಿ ರಾಷ್ಟ್ರೀಯ ವಿಮೆ ಕಾಯಿದೆ ಬಂತು. ಕಾಯಿಲೆ ಬಿದ್ದ ಕಾರ್ಮಿಕನಿಗೆ ವಾರಕ್ಕೆ 10 ಶಿಲಿಂಗ್, ಕಾಯಿಲೆ ಉಳಿದೇ ಹೋದ್ರೆ 5 ಶಿಲಿಂಗ್ ಅಂಗವಿಕಲ ಭತ್ಯೆ. 70 ತುಂಬಿದ ದಿನ ಆ ಭತ್ಯೆ ನಿಲ್ಲುತ್ತೆ, ಯಾಕಂದ್ರೆ ಅಲ್ಲಿಂದ ವೃದ್ಧಾಪ್ಯ ಪಿಂಚಣಿ ಇದೆಯಲ್ಲ. ನಾವು ಹುಡುಕ್ತಿದ್ದ ಗೆರೆ ಇಲ್ಲಿ ಮೊದಲು ಕಾಣುತ್ತೆ. ಹಿಂದಿನ ದಿನ ಅಂಗವಿಕಲ, ಮರುದಿನ ಬರೀ ಮುದುಕ. ರಾತ್ರಿ ಕಳೆಯೋದರೊಳಗೆ ದೇಹ ಬದಲಾಗಿಲ್ಲ, ಖಜಾನೆಯ ಪುಸ್ತಕದಲ್ಲಿ ಪುಟ ಬದಲಾಗಿದೆ.

*

1942ರ ಡಿಸೆಂಬರಿನಲ್ಲಿ, ಯುದ್ಧದ ನಡುವೆ, ಬೆವರಿಜ್ ವರದಿ ಬಂತು. ತೊಟ್ಟಿಲಿಂದ ಗೋರಿಯವರೆಗೆ ಭದ್ರತೆ ಅಂತ ಲೋಕವೆಲ್ಲ ಕೊಂಡಾಡಿದ ಯೋಜನೆ. ಅದೇ ಕಾಲದಲ್ಲಿ, 1942ರಿಂದ 1946ರವರೆಗೆ, ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದರು. ಅವರ ಅವಧಿಯಲ್ಲೇ ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು. 1948ರ ಇಎಸ್‌ಐ ಕಾಯಿದೆಯ ಬೇರು ಅದು. ಇಎಸ್‌ಐ ಆಸ್ಪತ್ರೆಗೆ ಹೋಗೋ ನಮ್ಮ ಹುಡುಗರು ಇದನ್ನ ನೆನಪಿಟ್ಕೊಳ್ಳಿ.

ಬೆವರಿಜ್ ಕಟ್ಟಿದ ಮನೆ 1948ರ ಜುಲೈ 5ರಂದು ಬಾಗಿಲು ತೆರೀತು. ಆದ್ರೆ ಬಾಗಿಲ ಕೀಲಿ ವಂತಿಗೆ. ಸಂಬಳದಿಂದ ವಂತಿಗೆ ಕಟ್ಟಿದವನಿಗೆ ಭತ್ಯೆ. ಯುದ್ಧದಲ್ಲಿ ಕೈಕಾಲು ಕಳಕೊಂಡವನಿಗೆ, ಕಾರ್ಖಾನೆಯಲ್ಲಿ ಗಾಯವಾದವನಿಗೆ ಇನ್ನೂ ಹೆಚ್ಚು. ಹುಟ್ಟಾ ಅಂಗವಿಕಲರಿಗೆ? ಮನೆಯೊಳಗೇ ದುಡಿದ ಹೆಂಗಸಿಗೆ? ಪಿಂಚಣಿ ಬಂದ ಮೇಲೆ ಹಾಸಿಗೆ ಹಿಡಿದ ಮುದುಕಿಗೆ? ಅವರಿಗೆ ಉಳಿದದ್ದು ಆಸ್ತಿ ಆದಾಯ ಎಲ್ಲ ತೋರಿಸಿ ಕೈಯೊಡ್ಡೋ ರಾಷ್ಟ್ರೀಯ ನೆರವು ಮಾತ್ರ.

ಒಂದೇ ಅಂಗವಿಕಲತೆಗೆ ಮೂರು ನಾಲ್ಕು ದರ್ಜೆ. ಸೈನಿಕ ಮೇಲೆ, ಕಾರ್ಮಿಕ ಅದರ ಕೆಳಗೆ, ಗೃಹಿಣಿ ಅದಕ್ಕೂ ಕೆಳಗೆ, ಮುದುಕಿ ಲೆಕ್ಕಕ್ಕೇ ಇಲ್ಲ. ಬಾಬಾಸಾಹೇಬರು ಜಾತಿಯನ್ನ ಶ್ರೇಣೀಕೃತ ಅಸಮಾನತೆ ಅಂದ್ರು. ಶ್ರೇಣಿ ಇದ್ದಲ್ಲಿ ಒಗ್ಗಟ್ಟು ಕಷ್ಟ, ಯಾಕಂದ್ರೆ ಪ್ರತಿಯೊಬ್ಬನ ಕೆಳಗೂ ಇನ್ನೊಬ್ಬ ಇರ್ತಾನೆ. ಜಾತಿಗೂ ಇದಕ್ಕೂ ಸಮ ಅಂತ ನಾನು ಹೇಳ್ತಿಲ್ಲ. ಇಲ್ಲಿ ಮುಟ್ಟಿಸಿಕೊಳ್ಳದ ಬಾವಿ ಇಲ್ಲ. ಆದ್ರೆ ದುರ್ಬಲರನ್ನ ಮೆಟ್ಟಿಲ ಮೇಲೆ ನಿಲ್ಲಿಸಿ ಒಬ್ಬರ ಬೆನ್ನು ಇನ್ನೊಬ್ಬರಿಗೆ ತೋರಿಸೋ ಉಪಾಯ ಒಂದೇ.

*

ಈ ಮೆಟ್ಟಿಲನ್ನ ಅಲುಗಾಡಿಸಿದವರು ಇಬ್ಬರು ಗೃಹಿಣಿಯರು. ಮೇಗನ್ ದು ಬೋಯ್ಸನ್, ಬೆರಿಟ್ ಮೂರ್. ಇಬ್ಬರಿಗೂ ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳು ನಿಧಾನಕ್ಕೆ ಸೋಲುವ ಕಾಯಿಲೆ. ಗೃಹಿಣಿಯರಾದ್ದರಿಂದ ಕಾನೂನಿನ ಕಣ್ಣಲ್ಲಿ ಕಳಕೊಂಡ ಸಂಬಳ ಇಲ್ಲ, ಹಾಗಾಗಿ ಭತ್ಯೆಯೂ ಇಲ್ಲ. 1965ರಲ್ಲಿ ಇವರು ಡಿಸೇಬಲ್‌ಮೆಂಟ್ ಇನ್ಕಮ್ ಗ್ರೂಪ್ ಅಂತ ಸಂಘ ಕಟ್ಟಿದರು. ಬೇಡಿಕೆ ಸರಳ: ಅಂಗವಿಕಲತೆ ಯಾಕೆ ಬಂತು, ಎಲ್ಲಿ ಬಂತು ಅಂತ ಕೇಳಬೇಡಿ, ಎಷ್ಟು ಕಷ್ಟ ಇದೆ ಅಂತ ಕೇಳಿ, ಅದಕ್ಕೆ ದುಡ್ಡು ಕೊಡಿ. ಮೇಗನ್ 1969ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗೆಲುವು ನೋಡೋಕೆ ಅವರಿರಲಿಲ್ಲ.

ಗೆಲುವು ಬಂತು. ಲೇಬರ್ ಸರ್ಕಾರ ಮಸೂದೆ ತಂತು, 1970ರ ಚುನಾವಣೆಯಲ್ಲಿ ಅದು ಬಿದ್ದುಹೋಯ್ತು. ಆಮೇಲೆ ಬಂದ ಕನ್ಸರ್ವೇಟಿವ್ ಸರ್ಕಾರವೂ ಹಿಂದೆ ಸರಿಯೋಕಾಗದೆ ಅದೇ ವರ್ಷ ಕಾಯಿದೆ ಮಾಡ್ತು. 1971ರ ಡಿಸೆಂಬರಿನಿಂದ ಅಟೆಂಡೆನ್ಸ್ ಅಲವೆನ್ಸ್, ವಾರಕ್ಕೆ 4.80 ಪೌಂಡ್. ಮೊದಮೊದಲು ಹಗಲೂ ರಾತ್ರಿ ಎರಡೂ ಹೊತ್ತು ಆರೈಕೆ ಬೇಕಾದವರಿಗೆ ಮಾತ್ರ. 1973ರಿಂದ ಹಗಲು ಅಥವಾ ರಾತ್ರಿ ಬೇಕಾದವರಿಗೂ ಕಡಿಮೆ ದರದಲ್ಲಿ.

ಈ ಭತ್ಯೆಯ ಗುಣ ಏನು ಅಂತ ಎಣಿಸಿ ಹೇಳ್ತೀನಿ, ನಮಗೆ ಬೇಕಾಗುತ್ತೆ. ಒಂದು, ವಂತಿಗೆ ಕಟ್ಟಿರಬೇಕಾಗಿಲ್ಲ. ಎರಡು, ಆದಾಯ ಕೇಳಲ್ಲ. ಮೂರು, ಆದಾಯ ತೆರಿಗೆ ಇಲ್ಲ. ನಾಲ್ಕು, ಎಷ್ಟು ಪರ್ಸೆಂಟ್ ಅಂಗವಿಕಲ ಅಂತ ಕೇಳಲ್ಲ. ಎದ್ದು ಕೂರೋಕೆ, ಸ್ನಾನಕ್ಕೆ, ಬಟ್ಟೆ ಹಾಕೋಕೆ, ಊಟಕ್ಕೆ, ಕಕ್ಕಸಿಗೆ ಇನ್ನೊಬ್ಬರ ಕೈ ಎಷ್ಟು ಬೇಕು ಅಂತ ಕೇಳ್ತಾರೆ. ಐದು, ಆ ಕೈ ಈಗ ಸಿಗ್ತಿರಬೇಕು ಅಂತಲೂ ಇಲ್ಲ, ಬೇಕಾಗಿದ್ರೆ ಸಾಕು. ಆರು, ಮೇಲಿನ ವಯಸ್ಸಿನ ಮಿತಿ ಇರಲಿಲ್ಲ. 85ರ ಅಜ್ಜಿಯೂ 25ರ ಯುವಕನೂ ಒಂದೇ ಕಾನೂನಿನಡಿ. 1601ರ ನಂತರ ಇಬ್ಬರೂ ಮತ್ತೆ ಒಂದೇ ಸಾಲಿಗೆ ಬಂದರು, ಈ ಸಲ ಭಿಕ್ಷುಕರಾಗಿ ಅಲ್ಲ, ಹಕ್ಕುದಾರರಾಗಿ.

*

ಆ ಸಾಲು ಐದು ವರ್ಷವೂ ಹಾಗೇ ಉಳೀಲಿಲ್ಲ.

ಆಗ ನಡೆಯಲಾಗದವರಿಗೆ ಸರ್ಕಾರ ಮೂರು ಚಕ್ರದ ನೀಲಿ ಗಾಡಿ ಕೊಡ್ತಿತ್ತು. ಒಬ್ಬರೇ ಕೂರಬಹುದಾದ ಗಾಡಿ, ಗಾಳಿಗೆ ವಾಲುತ್ತೆ ಅಂತ ದೂರು. ಓಡಿಸಲಾರದವರಿಗೆ ಅದೂ ಇಲ್ಲ. ಜನ ಗಲಾಟೆ ಮಾಡಿ ಅದರ ಬದಲು ದುಡ್ಡು ಕೇಳಿದ್ರು. 1976ರಲ್ಲಿ ಮೊಬಿಲಿಟಿ ಅಲವೆನ್ಸ್ ಶುರುವಾಯ್ತು, ವಾರಕ್ಕೆ 5 ಪೌಂಡ್. ಅದರ ಜೊತೆಗೇ ಗೆರೆಯೂ ಬಂತು: ಪಿಂಚಣಿ ವಯಸ್ಸು ದಾಟಿದವರು ಹೊಸದಾಗಿ ಕೇಳುವ ಹಾಗಿಲ್ಲ.

ಸರ್ಕಾರ ಅವತ್ತಿಂದ ಇವತ್ತಿನವರೆಗೆ ಹೇಳೋ ಕಾರಣ ಎರಡು. ಚಿಕ್ಕ ವಯಸ್ಸಿನಲ್ಲಿ ಅಂಗವಿಕಲರಾದವರಿಗೆ ದುಡಿದು ಕೂಡಿಡೋ ಅವಕಾಶ ಸಿಕ್ಕಿರಲ್ಲ, ವಯಸ್ಸಾದವರಿಗೆ ಸಿಕ್ಕಿರುತ್ತೆ. ಎರಡನೆಯದು, ವಯಸ್ಸಾದ ಮೇಲೆ ಓಡಾಟ ಕಡಿಮೆಯಾಗೋದು ಸಹಜ. ಮೊದಲ ಕಾರಣದಲ್ಲಿ ಸ್ವಲ್ಪ ನ್ಯಾಯ ಇದೆ, ಒಪ್ಪೋಣ. ಆದ್ರೆ ಜೀವನವಿಡೀ ಕಸ ಗುಡಿಸಿದವಳು ಏನು ಕೂಡಿಟ್ಟಿರ್ತಾಳೆ? ಕೂಡಿಟ್ಟಿದ್ದಾರಾ ಇಲ್ವಾ ಅಂತ ಯಾರನ್ನೂ ಕೇಳದೇ ಇರೋ ಭತ್ಯೆಯಲ್ಲಿ, ಕೂಡಿಟ್ಟಿರ್ತಾರೆ ಅನ್ನೋ ಊಹೆಯ ಮೇಲೆ ಒಂದು ಇಡೀ ತಲೆಮಾರನ್ನ ಹೊರಗಿಡೋದು ಯಾವ ನ್ಯಾಯ? ಎರಡನೆಯದಂತೂ ನಮ್ಮ ಕೌಂಟರಿನ ಮಾತೇ: ವಯಸ್ಸಾಯ್ತಲ್ಲ.

ಇದೇ 70ರ ದಶಕದಲ್ಲಿ ಅಂಗವಿಕಲರ ಇನ್ನೊಂದು ಬಣ ಬೇರೆಯದೇ ಮಾತು ತಂತು. ಪಾಲ್ ಹಂಟ್, ವಿಕ್ ಫಿಂಕಲ್‌ಸ್ಟೀನ್ ಮೊದಲಾದವರ ಯುಪಿಐಎಎಸ್ ಸಂಘಟನೆ. ಫಿಂಕಲ್‌ಸ್ಟೀನ್ ದಕ್ಷಿಣ ಆಫ್ರಿಕಾದವರು, ಗಾಲಿಕುರ್ಚಿಯಲ್ಲಿದ್ದವರು, ವರ್ಣಭೇದದ ವಿರುದ್ಧ ಹೋರಾಡಿ ಜೈಲು ಕಂಡವರು. ಅವರಿಗೆ ಪ್ರತ್ಯೇಕಿಸೋದು ಅಂದ್ರೇನು ಅಂತ ಎರಡೆರಡು ಸಲ ಗೊತ್ತಿತ್ತು. ಅವರ ವಾದ: ನಮ್ಮ ದೇಹದ ಕೊರತೆ ಬೇರೆ, ಸಮಾಜ ನಮ್ಮ ಮೇಲೆ ಹೇರೋ ಅಂಗವಿಕಲತೆ ಬೇರೆ. ಕಾಲಿಲ್ಲದಿರೋದು ದೇಹದ್ದು, ಬಸ್ಸು ಹತ್ತೋಕಾಗದಿರೋದು ಬಸ್ಸು ಕಟ್ಟಿದವರದ್ದು. ನಮಗೆ ಇದು ಅರ್ಥ ಆಗೋಕೆ ಕಷ್ಟವೇ ಇಲ್ಲ. ಕೊಳಕು ನಮ್ಮಲ್ಲಿಲ್ಲ, ಕೊಳಕು ಅನ್ನೋರ ಕಣ್ಣಲ್ಲಿದೆ ಅಂತ ನಾವು ಹೇಳ್ತಾ ಬಂದಿಲ್ವಾ?

*

ಇನ್ನು ಹೆಂಗಸರ ವಿಷಯ. ಇದನ್ನ ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ.

1977ರಲ್ಲಿ ಮದುವೆಯಾದ ಅಂಗವಿಕಲ ಹೆಂಗಸರಿಗೆ ಒಂದು ಪಿಂಚಣಿ ತಂದರು. ಅದಕ್ಕೆ ಅವರು ದುಡಿಯಲಾರೆ ಅಂತ ತೋರಿಸಿದ್ರೆ ಸಾಲದು, ಮನೆಗೆಲಸವನ್ನೂ ಮಾಡಲಾರೆ ಅಂತ ಸಾಬೀತು ಮಾಡಬೇಕು. ಗಂಡಸಿಗೆ ಈ ಪರೀಕ್ಷೆ ಇಲ್ಲ. 1984ರಲ್ಲಿ ಅದು ರದ್ದಾಯ್ತು.

ಆರೈಕೆ ಮಾಡೋರಿಗಾಗಿ 1976ರಲ್ಲಿ ಇನ್ನೊಂದು ಭತ್ಯೆ ಬಂದಿತ್ತು. ಮದುವೆಯಾದ ಹೆಂಗಸರಿಗೆ ಇಲ್ಲ. ಯಾಕೆ? ಅವರು ಹೇಗೂ ಮನೆಯಲ್ಲೇ ಇರ್ತಾರಲ್ಲ! ಜ್ಯಾಕಿ ಡ್ರೇಕ್ ಅನ್ನೋ ಹೆಂಗಸು, ಮರೆವಿನ ಕಾಯಿಲೆಯ ತನ್ನ ತಾಯಿಯನ್ನ ನೋಡ್ಕೊಳ್ಳೋಕೆ ಕೆಲಸ ಬಿಟ್ಟವಳು, ಯುರೋಪಿನ ನ್ಯಾಯಾಲಯದವರೆಗೂ ಹೋದಳು. 1986ರ ಜೂನ್‌ನಲ್ಲಿ ತೀರ್ಪು ಬರೋ ಹಿಂದಿನ ದಿನ ಸರ್ಕಾರ ಸೋಲೊಪ್ಪಿಕೊಂಡು ಎಲ್ಲ ಹೆಂಗಸರಿಗೂ ಕೊಡ್ತೀವಿ ಅಂತು. ಹೇಗೂ ಮನೇಲಿರ್ತಾಳೆ, ಹೇಗೂ ವಯಸ್ಸಾಗಿದೆ, ಹೇಗೂ ಅವರ ಕಸುಬೇ ಅದು. ಈ "ಹೇಗೂ" ಅನ್ನೋ ಪದದಲ್ಲಿ ಎಷ್ಟು ಜನರ ದುಡಿಮೆ ಹೂತುಹೋಗಿದೆ ಲೆಕ್ಕ ಹಾಕಿ.

ಆದ್ರೂ ವಯಸ್ಸಿನ ಗೆರೆ ಇಲ್ಲೂ ಬೇರೆ ರೂಪದಲ್ಲಿ ಇದೆ. ಆರೈಕೆ ಮಾಡೋರಿಗೂ ಪಿಂಚಣಿ ವಯಸ್ಸಾದ್ರೆ ಎರಡೂ ಒಟ್ಟಿಗೆ ಕೊಡಲ್ಲ. ಸರ್ಕಾರಿ ಪಿಂಚಣಿ ಆರೈಕೆ ಭತ್ಯೆಗಿಂತ ಹೆಚ್ಚಿದ್ರೆ ಭತ್ಯೆ ಕಾಗದದ ಮೇಲಿನ ಅರ್ಹತೆ ಅಷ್ಟೆ. 75ರ ಹೆಂಡತಿ 80ರ ಗಂಡನನ್ನ ಎತ್ತಿ ಕೂರಿಸೋದಕ್ಕೆ ಬೇರೆ ದುಡ್ಡಿಲ್ಲ.

ಆರೈಕೆ ಅಂದ್ರೇನು ಅಂತ ಕೋರ್ಟುಗಳಲ್ಲೂ ಜಗಳ ನಡೀತು. 1994ರ ಮ್ಯಾಲಿನ್ಸನ್ ಪ್ರಕರಣದಲ್ಲಿ, ಕುರುಡರಿಗೆ ಹೊಸ ಜಾಗದಲ್ಲಿ ದಾರಿ ತೋರಿಸೋದೂ ಆರೈಕೆಯೇ ಅಂತ ಹೌಸ್ ಆಫ್ ಲಾರ್ಡ್ಸ್ ಹೇಳ್ತು. 1997ರ ಕಾಕ್‌ಬರ್ನ್ ಪ್ರಕರಣ ಸಂಧಿವಾತ ಇದ್ದ, ಮೂತ್ರ ತಡೆಯಲಾಗದ ಹಿರಿಯ ಹೆಂಗಸಿನದು. ಅವರ ಹಾಸಿಗೆ, ಬಟ್ಟೆಗಳನ್ನ ಬೇರೆ ಕಡೆ ಒಗೆದು ತರೋದು ಆರೈಕೆಯ ಲೆಕ್ಕಕ್ಕೆ ಬರಲ್ಲ ಅಂತ ತೀರ್ಪಾಯ್ತು. ಕಣ್ಮುಂದೆ ಮಾಡಿದ್ರೆ ಆರೈಕೆ, ಹಿಂದಿನ ಕೋಣೆಯಲ್ಲಿ ಹೇಸಿಗೆ ತೊಳೆದ್ರೆ ಲೆಕ್ಕಕ್ಕಿಲ್ಲ. ಇನ್ನೊಬ್ಬರ ಹೇಸಿಗೆ ತೊಳೆದೂ ಲೆಕ್ಕಕ್ಕೆ ಬಾರದವರ ವಂಶದವನು ನಾನು. ಇದಕ್ಕೆ ಹೆಚ್ಚು ಟೀಕೆ ಬೇಕಿಲ್ಲ.

*

1992ರಲ್ಲಿ ಗೆರೆ ಗೋಡೆಯಾಯ್ತು. 65ರೊಳಗಿನವರ ಆರೈಕೆ ಭತ್ಯೆ ಮತ್ತು ಓಡಾಟದ ಭತ್ಯೆ ಎರಡನ್ನೂ ಸೇರಿಸಿ ಡಿಎಲ್‌ಎ ಅಂತ ಮಾಡಿದ್ರು. ಅಟೆಂಡೆನ್ಸ್ ಅಲವೆನ್ಸ್ ಅನ್ನೋ ಹಳೇ ಕೊಠಡಿ 65 ದಾಟಿದವರಿಗೆ ಉಳೀತು. 2013ರಿಂದ ಡಿಎಲ್‌ಎ ಜಾಗಕ್ಕೆ ಪಿಐಪಿ ಬಂತು. ಗೋಡೆ ಹಾಗೇ ಇದೆ.

ಆದ್ರೆ ಇಲ್ಲೇ ನೋಡಿ ತಮಾಷೆ. ಪಿಂಚಣಿ ವಯಸ್ಸನ್ನ ಸರ್ಕಾರ ಏರಿಸ್ತಾ ಬಂತು. ಹೆಂಗಸರದ್ದು 60 ಇದ್ದದ್ದು 2018ಕ್ಕೆ 65 ಆಯ್ತು. ಆಮೇಲೆ ಇಬ್ಬರದ್ದೂ 2020ರ ಅಕ್ಟೋಬರಿಗೆ 66. 2026ರಿಂದ 2028ರ ನಡುವೆ 67. ಅದರ ಜೊತೆ ಪಿಐಪಿಯ ಗೆರೆಯೂ ಜರುಗ್ತು. 2017ರಲ್ಲಿ 65 ತುಂಬಿದ ಮೇಲೆ ನಡೆಯೋಕಾಗದೆ ಹೋದವನಿಗೆ "ಇದು ವಯಸ್ಸಿನ ಸಹಜ, ಓಡಾಟದ ಭತ್ಯೆ ಇಲ್ಲ" ಅಂದ್ರು. 2021ರಲ್ಲಿ ಅದೇ 65ರಲ್ಲಿ ನಡೆಯೋಕಾಗದವನಿಗೆ "ಇದು ಅಂಗವಿಕಲತೆ, ತಗೊಳ್ಳಿ" ಅಂದ್ರು. ನಾಲ್ಕು ವರ್ಷದಲ್ಲಿ ಮನುಷ್ಯನ ಮೊಣಕಾಲಿನ ಸ್ವಭಾವ ಬದಲಾಯ್ತಾ? ಇಲ್ಲ. ಪಿಂಚಣಿ ತಡವಾಗಿ ಕೊಡೋಣ ಅಂತ ಖಜಾನೆ ತೀರ್ಮಾನ ಮಾಡ್ತು, ಪ್ರಕೃತಿಯೂ ಅದರ ಹಿಂದೆ ಒಂದು ಹೆಜ್ಜೆ ಸರೀತು! ಇದಕ್ಕಿಂತ ಸಾಕ್ಷಿ ಬೇಕಾ, ಗೆರೆ ಎಳೆದವರು ಯಾರು ಅಂತ?

ಸ್ಕಾಟ್ಲೆಂಡ್ ಈ ಅಧಿಕಾರ ತನ್ನ ಕೈಗೆ ತಗೊಂಡು ಅಟೆಂಡೆನ್ಸ್ ಅಲವೆನ್ಸ್ ಜಾಗಕ್ಕೆ ತನ್ನದೇ ಭತ್ಯೆ ತಂತು. 2025ರ ಏಪ್ರಿಲ್‌ನಿಂದ ಅಲ್ಲಿ ಎಲ್ಲ ಕಡೆ ಜಾರಿ. ಓಡಾಟದ ಭಾಗ ಸೇರಿಸಿ ಅಂತ ಜನ ಕೇಳಿದ್ರು. ಖರ್ಚು ಜಾಸ್ತಿ ಅಂತ ಸೇರಿಸಲಿಲ್ಲ. ಒಂದು ವಿಷಯಕ್ಕೆ ಮೆಚ್ಚಬೇಕು, ಕನಿಷ್ಠ ಖರ್ಚು ಅಂತ ಬಾಯಿಬಿಟ್ಟು ಹೇಳಿದ್ರು.

ಇರೋದನ್ನ ಉಳಿಸಿಕೊಂಡದ್ದೂ ಹೋರಾಟದಿಂದಲೇ. 2009ರಲ್ಲಿ ಈ ಭತ್ಯೆಯ ಹಣವನ್ನ ಸ್ಥಳೀಯ ಆರೈಕೆ ವ್ಯವಸ್ಥೆಗೆ ಸೇರಿಸೋ ಮಾತು ಬಂತು, 2015ರ ಕೊನೆಗೆ ಮತ್ತೆ ಸ್ಥಳೀಯ ಕೌನ್ಸಿಲ್‌ಗಳಿಗೆ ವಹಿಸೋ ಮಾತು ಬಂತು. ಎರಡು ಸಲವೂ ವೃದ್ಧರು, ಅಂಗವಿಕಲರು ಒಟ್ಟಾಗಿ ಗದ್ದಲ ಮಾಡಿದ್ರು. ಎರಡು ಸಲವೂ ಸರ್ಕಾರ ಕೈಬಿಡ್ತು.

*

ನಮ್ಮವರೂ ಆ ದೇಶದಲ್ಲಿದ್ದಾರೆ ಅನ್ನೋದು ಮರೀಬೇಡಿ. 1950, 60ರ ದಶಕಗಳಲ್ಲಿ ಪಂಜಾಬಿನ ರವಿದಾಸಿ, ವಾಲ್ಮೀಕಿ ಸಮುದಾಯದ ಜನ ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಕಡೆಯ ಫೌಂಡ್ರಿಗಳಿಗೆ ಹೋದರು. ಆ ತಲೆಮಾರಿಗೆ ಈಗ ವಯಸ್ಸಾಗಿದೆ. 2010ರಲ್ಲಿ ಬ್ರಿಟಿಷ್ ಸರ್ಕಾರವೇ ಮಾಡಿಸಿದ ಜಾತಿ ತಾರತಮ್ಯದ ಅಧ್ಯಯನದಲ್ಲಿ ಮನೆಗೆ ಬಂದು ವೃದ್ಧರ ಆರೈಕೆ ಮಾಡೋ ಕೆಲಸದಲ್ಲೂ ಜಾತಿ ನುಸುಳಿದ ಸಂಗತಿ ದಾಖಲಾಯ್ತು. ಮುದಿ ದೇಹ ಇನ್ನೊಬ್ಬರ ಕೈಗೆ ಸಿಕ್ಕಾಗ ಆ ಕೈಗೂ ಜಾತಿ ಇರುತ್ತೆ. ಜಾತಿಯನ್ನ ಸಮಾನತಾ ಕಾಯಿದೆಗೆ ಸ್ಪಷ್ಟವಾಗಿ ಸೇರಿಸಬೇಕು ಅಂತ 2013ರಲ್ಲಿ ಸಂಸತ್ತು ಹೇಳ್ತು, 2018ರಲ್ಲಿ ಸರ್ಕಾರ ಅದನ್ನ ಜಾರಿ ಮಾಡಲ್ಲ ಅಂತು.

1908ರ "20 ವರ್ಷದ ಪ್ರಜೆ" ಷರತ್ತಿನ ಮರಿಮಕ್ಕಳೂ ಬದುಕಿವೆ. 2013ರಿಂದ ಅರ್ಜಿಗೆ ಮುಂಚಿನ ಮೂರು ವರ್ಷದಲ್ಲಿ ಎರಡು ವರ್ಷ ಆ ದೇಶದಲ್ಲಿ ಇದ್ದಿರಬೇಕು. ವೀಸಾದಲ್ಲಿ ಸಾರ್ವಜನಿಕ ನೆರವು ಪಡೆಯುವಂತಿಲ್ಲ ಅನ್ನೋ ಷರತ್ತಿದ್ರೆ ಈ ಭತ್ಯೆ ಸಾಮಾನ್ಯವಾಗಿ ಸಿಗಲ್ಲ. ನಮ್ಮ ಕಡೆಯಿಂದ ಆರೈಕೆ ಕೆಲಸದ ವೀಸಾದಲ್ಲಿ ಹೋದವರು ಅಲ್ಲಿನ ಮುದುಕರನ್ನ ಎತ್ತಿ ಕೂರಿಸ್ತಾರೆ, ಅದೇ ಷರತ್ತು ಅವರ ವೀಸಾದಲ್ಲೂ ಇರುತ್ತೆ.

*

ಈಗ ನಮ್ಮ ಮನೆ ಅಂಗಳಕ್ಕೆ ಬರೋಣ.

ಸಂವಿಧಾನದ 41ನೇ ವಿಧಿ ತೆಗೆದು ಓದಿ. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವಿಕಲತೆ ಬಂದಾಗ ಸರ್ಕಾರಿ ನೆರವಿನ ಹಕ್ಕನ್ನ ಖಾತ್ರಿಪಡಿಸಬೇಕು ಅಂತ ಇದೆ. ವೃದ್ಧಾಪ್ಯ, ಅಂಗವಿಕಲತೆ ಎರಡೂ ಪದ ಒಂದೇ ಸಾಲಿನಲ್ಲಿವೆ. ಒಂದು ಬಂದ್ರೆ ಇನ್ನೊಂದು ಹೋಗುತ್ತೆ ಅಂತ ಬರೆದಿಲ್ಲ.

ಯೋಜನೆಗಳಲ್ಲಿ ಏನಿದೆ? ಕೇಂದ್ರದ ಅಂಗವಿಕಲ ಪಿಂಚಣಿಗೆ ಬಡತನದ ರೇಖೆಗಿಂತ ಕೆಳಗಿರಬೇಕು, ಶೇ 80 ಅಂಗವಿಕಲತೆ ಇರಬೇಕು, ವಯಸ್ಸು 18ರಿಂದ 79. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. 80 ತುಂಬಿದ ದಿನ ಅವರನ್ನ ವೃದ್ಧಾಪ್ಯ ಪಿಂಚಣಿಗೆ ವರ್ಗಾಯಿಸ್ತಾರೆ. 1911ರ ಇಂಗ್ಲೆಂಡಿನ ಗೆರೆ ನಮ್ಮಲ್ಲಿ ಇವತ್ತಿಗೂ ಬದುಕಿದೆ, ನೋಡಿ. 60ರಿಂದ 79ರವರೆಗಿನ ವೃದ್ಧಾಪ್ಯ ಪಿಂಚಣಿಗೆ ಕೇಂದ್ರದ ಪಾಲು 200 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸುತ್ತೆ ನಿಜ. ಆದ್ರೆ ಒಬ್ಬರಿಗೆ ಒಂದೇ ಪಿಂಚಣಿ. ಸಂಧ್ಯಾ ಸುರಕ್ಷಾ ತಗೊಳ್ತಿರೋ ಅಜ್ಜಿಯ ಕಣ್ಣು ಪೂರ್ತಿ ಹೋದ್ರೆ, ಆ ಕತ್ತಲೆಗೆ ಅಂತ ಎರಡನೇ ಪಿಂಚಣಿ ಇಲ್ಲ. ಒಂದನ್ನ ಬಿಟ್ಟು ಇನ್ನೊಂದು ಹಿಡೀಬೇಕು. ಹಿಡಿಯೋಕೆ ಯುಡಿಐಡಿ ಕಾರ್ಡು, ಅದಕ್ಕೆ ಪರ್ಸೆಂಟು, ಅದಕ್ಕೆ ಜಿಲ್ಲಾಸ್ಪತ್ರೆ, ಅದಕ್ಕೆ ನಡೆಯಲಾರದವರು ಬಸ್ಸು ಹತ್ತಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೇ ಸೆಕ್ಷನ್ ಸ್ಪಷ್ಟ ಹೇಳುತ್ತೆ: ಅಂಗವಿಕಲರಿಗೆ ಕೊಡೋ ನೆರವು, ಬೇರೆಯವರಿಗಿರೋ ಅದೇ ತರದ ಯೋಜನೆಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. ಆ ಕಾಯಿದೆಯಲ್ಲಿ "60ರವರೆಗೆ ಮಾತ್ರ" ಅಂತ ಎಲ್ಲೂ ಬರೆದಿಲ್ಲ.

ಬ್ರಿಟನ್ನನ್ನ ಸ್ವರ್ಗ ಅಂತ ತೋರಿಸೋಕೆ ಇಷ್ಟೆಲ್ಲ ಬರೆದಿಲ್ಲ. ಅಲ್ಲಿಂದ ಕಲಿಯೋದು ಎರಡಿದೆ. ಒಂದು, ಒಳ್ಳೆಯದು: ಎಷ್ಟು ಪರ್ಸೆಂಟ್ ಅಂತ ಕೇಳೋದು ಬಿಟ್ಟು ಏನು ನೆರವು ಬೇಕು ಅಂತ ಕೇಳಬಹುದು, ಅದು ಸಾಧ್ಯ, 50 ವರ್ಷ ಮಾಡಿ ತೋರಿಸಿದ್ದಾರೆ. ಎರಡು, ಕೆಟ್ಟದ್ದು: ವಯಸ್ಸಿನ ಗೆರೆಯನ್ನ ಒಮ್ಮೆ ಒಪ್ಪಿಕೊಂಡ್ರೆ ಅದು ಅರ್ಧ ಶತಮಾನ ಅಲ್ಲಾಡಲ್ಲ. ಗೃಹಿಣಿಯ ಗೆರೆ ಅಳೀತು, ಮದುವೆಯಾದವಳ ಗೆರೆ ಅಳೀತು, ಯಾಕಂದ್ರೆ ಅವರು ಅದನ್ನ ಅನ್ಯಾಯ ಅಂತ ಕರೆದರು. ಮುದುಕರ ಗೆರೆ ಉಳೀತು, ಯಾಕಂದ್ರೆ ಬಹಳಷ್ಟು ಮುದುಕರೇ ಅದನ್ನ ವಯಸ್ಸು ಅಂತ ಕರೆದುಕೊಂಡರು.

ನಮ್ಮ ಹಿರಿಯರೂ ಹಾಗೇ ಕರೆದುಕೊಳ್ತಾರೆ. ಕೇರಿಯಲ್ಲಿ ಕೇಳಿ ನೋಡಿ, "ನಮಗೇನಪ್ಪ, ವಯಸ್ಸಾಯ್ತು" ಅಂತಾರೆ. ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಗ್ರಾಮಸಭೆಗೆ ಹೋಗೋ ಮುಂಚೆ ನಿಮ್ಮ ಕೇರಿಯಲ್ಲಿ 60 ದಾಟಿ, ಕಣ್ಣೋ ಕಿವಿಯೋ ಕಾಲೋ ಹೋಗಿರೋರ ಪಟ್ಟಿ ಮಾಡಿ. ಪಂಚಾಯಿತಿಯ ವಿಆರ್‌ಡಬ್ಲ್ಯೂ ಕಾರ್ಯಕರ್ತರನ್ನ ಮನೆಮನೆಗೆ ಕರ್ಕೊಂಡು ಹೋಗಿ. ಯುಡಿಐಡಿ ತಪಾಸಣೆ ಹೋಬಳಿಯಲ್ಲೇ ಆಗಲಿ ಅಂತ ಬರವಣಿಗೆಯಲ್ಲಿ ಕೇಳಿ. ವೃದ್ಧಾಪ್ಯ ಪಿಂಚಣಿಯ ಮೇಲೆ ಅಂಗವಿಕಲತೆಯ ಭತ್ಯೆ ಪ್ರತ್ಯೇಕ ಕೊಡಿ ಅಂತ ನಿರ್ಣಯ ಮಾಡಿಸಿ. ನಿರ್ಣಯದ ನಕಲು ತಗೊಳ್ಳಿ, ಮೊಹರು ಹಾಕಿಸಿಕೊಳ್ಳಿ.

ಕೌಂಟರಿನಲ್ಲಿ "ವಯಸ್ಸಾಯ್ತಲ್ಲ" ಅಂದ್ರೆ ಹೇಳಿ: ಹೌದು ಸಾರ್, ವಯಸ್ಸಾಗಿದೆ. ಜೊತೆಗೆ ಕಣ್ಣೂ ಹೋಗಿದೆ. ಎರಡನ್ನೂ ಬರ್ಕೊಳ್ಳಿ.

ಜೈ ಭೀಮ್.